ವಿರಳ ಭಸ್ಮ ಬೆರೆತ ಗಾಜು: ರಚನೆ ಮತ್ತು ಮೌಲ್ಯ

ಲೋಹದ ತಗಡನ್ನು ಕತ್ತರಿಸುವ, ಬಿಡಿಭಾಗಗಳ ಮೇಲೆ ಸಂಖ್ಯೆ ಕೆತ್ತುವ ಫೈಬರ್ ಲೇಸರ್ ಯಂತ್ರಗಳು ಇಂದು ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೂ ಬಂದಿವೆ. ಈ ಯಂತ್ರದಲ್ಲಿ ಲೇಸರ್ ಬೆಳಕು ಹುಟ್ಟುವುದು ತೆಳುವಾದ ಗಾಜಿನ ತಂತುವಿನಲ್ಲಿ. ಅದರ ತಿರುಳಿನಲ್ಲಿ, ರೇರ್ ಅರ್ತ್ ಎಂದೇ ಪರಿಚಿತವಾದ ವಿರಳ ಭಸ್ಮ ಧಾತುಗಳಲ್ಲೊಂದಾದ ಇಟರ್ಬಿಯಂ ಬೆರೆತಿರುತ್ತದೆ. ಯಂತ್ರದ ಬಾಳಿಕೆಯು ಬಹುಮಟ್ಟಿಗೆ ಈ ಗಾಜಿನ ಒಳರಚನೆಯನ್ನು ಅವಲಂಬಿಸಿರುವುದರಿಂದ ಖರೀದಿದಾರರು ಅದನ್ನು ಅರಿತಿರುವುದು ಲಾಭದಾಯಕ.

ಬಿಗಿಯಾದ ಜಾಲ

ಸಿಲಿಕಾ ಗಾಜಿನಲ್ಲಿ ಪ್ರತಿಯೊಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ ಪರಮಾಣುಗಳಿದ್ದು, ಚತುರ್ಮುಖಿಯಾಕಾರದ ಘಟಕವೊಂದು ಏರ್ಪಡುತ್ತದೆ. ಪ್ರತಿ ಆಮ್ಲಜನಕವೂ ಎರಡು ಘಟಕಗಳ ನಡುವಣ ಸೇತುವೆ. ಸ್ಫಟಿಕದಲ್ಲಿ ಈ ಜೋಡಣೆ ಕ್ರಮಬದ್ಧವಾಗಿದ್ದರೆ ಗಾಜಿನಲ್ಲಿ ಅಂತಹ ಕ್ರಮವಿರುವುದಿಲ್ಲ. ಝಕರಿಯಾಸನ್ 1932ರಲ್ಲಿ ಮಂಡಿಸಿದ ಈ ವಿವರಣೆ ಇಂದಿಗೂ ಗಾಜುವಿಜ್ಞಾನದ ತಳಹದಿಯಾಗಿದೆ.

ಎರ್ಬಿಯಂ, ಇಟರ್ಬಿಯಂ ಮುಂತಾದವುಗಳ ಅಯಾನುಗಳು ಸಿಲಿಕಾನಿಗಿಂತ ಬಹಳ ದೊಡ್ಡವು. ಅವು ನೆಲೆಗೊಳ್ಳಲು ಸುತ್ತಲೂ ಆರರಿಂದ ಎಂಟು ಆಮ್ಲಜನಕಗಳು ಬೇಕು. ಶುದ್ಧ ಸಿಲಿಕಾದಲ್ಲಿ ಆಮ್ಲಜನಕಗಳೆಲ್ಲ ಸೇತುವೆಯಾಗಿ ಬಂಧಿತವಾಗಿರುವುದರಿಂದ ಅತಿಥಿ ಅಯಾನಿಗೆ ಬಿಡುವಿನ ಆಮ್ಲಜನಕ ದೊರೆಯುವುದಿಲ್ಲ. ಹೀಗಾಗಿ ಈ ಅಯಾನುಗಳು ಇರುವ ಆಮ್ಲಜನಕವನ್ನೇ ಪರಸ್ಪರ ಹಂಚಿಕೊಂಡು ಒಂದೆಡೆ ಗುಂಪುಗೂಡುತ್ತವೆ.

ಗುಂಪಿನಿಂದ ನಷ್ಟ

ಡಯೋಡಿನಿಂದ ಬಂದ ಬೆಳಕನ್ನು ಹೀರಿದ ಎರ್ಬಿಯಂ ಅಯಾನು ಆ ಶಕ್ತಿಯನ್ನು ಸುಮಾರು 10 ಮಿಲಿಸೆಕೆಂಡುಗಳವರೆಗೆ ಹಿಡಿದಿಟ್ಟುಕೊಂಡು, ಹಾದುಹೋಗುವ ಸಂಕೇತಕ್ಕೆ ಬೆಳಕಿನ ರೂಪದಲ್ಲಿ ಸೇರಿಸಬಲ್ಲದು. ತೀರ ಸಮೀಪದಲ್ಲಿ ಮತ್ತೊಂದು ಎರ್ಬಿಯಂ ಇದ್ದರೆ ಶಕ್ತಿಯು ಅದಕ್ಕೆ ವರ್ಗವಾಗಿ, ಬಹುಪಾಲು ಶಾಖವಾಗಿ ವ್ಯರ್ಥವಾಗುತ್ತದೆ. ಹೆಚ್ಚು ಧಾತು ಬೆರೆಸಿದರೆ ಹೆಚ್ಚು ಬೆಳಕು ಎಂಬ ಲೆಕ್ಕ ಇಲ್ಲಿ ನಡೆಯದು.

ಗಾಜಿಗೆ ಅಲ್ಯೂಮಿನಿಯಂ ಅಥವಾ ರಂಜಕವನ್ನು ಸೇರಿಸಿದರೆ ಅವು ಅತಿಥಿ ಅಯಾನುಗಳನ್ನು ಸುತ್ತುವರಿದು, ಬೇಕಾದ ಆಮ್ಲಜನಕವನ್ನು ಒದಗಿಸಿ, ಒಂದರಿಂದೊಂದನ್ನು ದೂರವಿಡುತ್ತವೆ. ನಿಯೋಡಿಮಿಯಂ ಬೆರೆತ ಸಿಲಿಕಾದಲ್ಲಿ ಇದನ್ನು ಜಪಾನಿನ ಸಂಶೋಧಕರು 1986ರಲ್ಲಿ ತೋರಿಸಿಕೊಟ್ಟರು. ಮರುವರ್ಷ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯ ಹಾಗೂ ಅಮೆರಿಕದ ಬೆಲ್ ಪ್ರಯೋಗಾಲಯಗಳಲ್ಲಿ ಎರ್ಬಿಯಂ ತಂತುವರ್ಧಕಗಳು ಸಿದ್ಧವಾದವು. ಸಿಲಿಕಾ ತಂತುವಿನಲ್ಲಿ ಬೆಳಕಿನ ನಷ್ಟ ಅತಿ ಕಡಿಮೆಯಿರುವ 1550 ನ್ಯಾನೋಮೀಟರ್ ತರಂಗಾಂತರದಲ್ಲೇ ಅವು ಕೆಲಸ ಮಾಡುವುದರಿಂದ, ಬೆಳಕನ್ನು ವಿದ್ಯುತ್ತಾಗಿ ಪರಿವರ್ತಿಸದೆಯೇ ಸಂಕೇತವನ್ನು ವರ್ಧಿಸುವುದು ಸಾಧ್ಯವಾಯಿತು.

ಲೋಹದ ಬೆಲೆ, ಕೌಶಲದ ಬೆಲೆ

ತಯಾರಿಕೆಯ ಪ್ರಚಲಿತ ವಿಧಾನವೊಂದರಲ್ಲಿ, ಸಿಲಿಕಾ ಕೊಳವೆಯ ಒಳಮೈಯಲ್ಲಿ ರಂಧ್ರಮಯ ಪದರವನ್ನು ಕೂಡಿಸಿ, ವಿರಳ ಭಸ್ಮ ಮತ್ತು ಅಲ್ಯೂಮಿನಿಯಂ ಲವಣಗಳ ದ್ರಾವಣದಲ್ಲಿ ಅದನ್ನು ನೆನೆಸಲಾಗುತ್ತದೆ. ಬಳಿಕ ಒಣಗಿಸಿ, ಕಾಯಿಸಿ, ಕೊಳವೆಯನ್ನು ಘನದಂಡವಾಗಿಸಿ ತಂತುವನ್ನು ಎಳೆಯಲಾಗುತ್ತದೆ. ಭಾರತದಲ್ಲಿ ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆಯು ಇಂತಹ ತಂತುಗಳನ್ನು ಅಭಿವೃದ್ಧಿಪಡಿಸಿದೆ.

20 ಮೈಕ್ರೋಮೀಟರ್ ವ್ಯಾಸದ ತಿರುಳುಳ್ಳ 10 ಮೀಟರ್ ತಂತುವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ತಿರುಳಿನ ತೂಕ ಸುಮಾರು 7 ಮಿಲಿಗ್ರಾಂ. ಶೇಕಡಾ 1ರಷ್ಟು ಇಟರ್ಬಿಯಂ ಇದ್ದರೂ ಅದು 0.07 ಮಿಲಿಗ್ರಾಂ ಮಾತ್ರ. ಚೀನಾ 2025ರ ಅಕ್ಟೋಬರಿನಲ್ಲಿ ಎರ್ಬಿಯಂ, ಇಟರ್ಬಿಯಂಗಳನ್ನೂ ರಫ್ತು ನಿಯಂತ್ರಣದ ಪಟ್ಟಿಗೆ ಸೇರಿಸುವುದಾಗಿ ಘೋಷಿಸಿ, ಮರುತಿಂಗಳು ಆ ಕ್ರಮವನ್ನು ಒಂದು ವರ್ಷದ ಮಟ್ಟಿಗೆ ತಡೆಹಿಡಿಯಿತು. ಪೂರೈಕೆಯ ಚಿಂತೆ ಸಹಜವೇ ಆದರೂ ತಂತುವಿನ ಬೆಲೆಯಲ್ಲಿ ಲೋಹದ ಪಾಲು ನಗಣ್ಯ. ಆ ಲೋಹವನ್ನು ಗಾಜಿನಲ್ಲಿ ಸಮನಾಗಿ ಹರಡುವ ಕೌಶಲಕ್ಕೇ ಹಣ ಸಲ್ಲುತ್ತದೆ.

ಖರೀದಿದಾರರ ಗಮನಕ್ಕೆ

ಅಧಿಕ ಸಾಮರ್ಥ್ಯದಲ್ಲಿ ದುಡಿಯುವ ಇಟರ್ಬಿಯಂ ತಂತುವಿನ ತಿರುಳು ಕಾಲಕ್ರಮೇಣ ಮಬ್ಬಾಗಿ ಲೇಸರಿನ ಶಕ್ತಿ ಕುಗ್ಗುವುದುಂಟು. ಅಯಾನುಗಳು ಗುಂಪುಗೂಡಿದ್ದರೆ ಇದು ಹೆಚ್ಚು. ರಂಜಕ ಅಥವಾ ಸೀರಿಯಂ ಸೇರಿಸಿ ಈ ದೋಷವನ್ನು ತಗ್ಗಿಸಬಹುದು. ಯಂತ್ರ ಕೊಳ್ಳುವವರು ಆರಂಭದ ವಾಟ್ ಸಂಖ್ಯೆಯೊಂದನ್ನೇ ನೋಡದೆ, ಎಷ್ಟು ಗಂಟೆಗಳ ಬಳಕೆಯ ನಂತರ ಎಷ್ಟು ಶಕ್ತಿ ಉಳಿಯುವುದೆಂಬ ಖಾತರಿಯನ್ನು ಲಿಖಿತವಾಗಿ ಪಡೆಯುವುದು ಒಳಿತು. ಲೇಸರ್ ಮೂಲದ ತಯಾರಕರು ಯಾರು, ದುರಸ್ತಿ ಭಾರತದಲ್ಲೇ ನಡೆಯುವುದೇ ಎಂಬುದನ್ನೂ ಒಪ್ಪಂದಕ್ಕೆ ಮೊದಲೇ ಖಚಿತಪಡಿಸಿಕೊಳ್ಳಬೇಕು.