ಹೆತ್ತವರನ್ನು ಬಿಟ್ಟುಹೋದ ಮಕ್ಕಳಿಗೆ ಕಾನೂನಿದೆ. ದುಡ್ಡು ಪಡೆದು ನೋಡಿಕೊಳ್ಳುವವರಿಗೆ?

'ನರ್ಸಿಂಗ್ ಹೋಂ' ಅಂದ್ರೆ ನಮ್ಮ ಕಡೆ ಹೆರಿಗೆಗೋ, ಅಪೆಂಡಿಕ್ಸ್ ಆಪರೇಷನ್ನಿಗೋ ಸೇರಿ ನಾಲ್ಕು ದಿನದಲ್ಲಿ ಮನೆಗೆ ಬರುವ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಇದೇ ಪದಕ್ಕೆ ಅರ್ಥ ಬೇರೆ. ಅಲ್ಲಿ ಅದು ಕೈಲಾಗದ ವಯಸ್ಸಿನಲ್ಲಿ, ಬಹುಪಾಲು ಕೊನೆಯ ದಿನದವರೆಗೆ ವಾಸ ಮಾಡುವ ಜಾಗ. ಈ ಎರಡನೇ ಬಗೆಯ ಜಾಗಗಳು ಈಗ ಬೆಂಗಳೂರು, ಮೈಸೂರು, ಮಂಗಳೂರಿನ ಬಡಾವಣೆಗಳಲ್ಲೂ ಇವೆ. ಎಷ್ಟೋ ಕಡೆ ಎರಡಂತಸ್ತಿನ ಬಾಡಿಗೆ ಮನೆಯೇ ಅದು. ಬೋರ್ಡಿನ ಮೇಲೆ 'ವೃದ್ಧಾಶ್ರಮ', 'ಎಲ್ಡರ್ ಕೇರ್', 'ಅಸಿಸ್ಟೆಡ್ ಲಿವಿಂಗ್' ಅಂತೆಲ್ಲ ಇರುತ್ತದೆ.

ಹೆಸರಿನ ಈ ಗೊಂದಲ ಬರೀ ಭಾಷೆಯದ್ದಲ್ಲ. ಹೆರಿಗೆ ಮಾಡಿಸುವ ನರ್ಸಿಂಗ್ ಹೋಂ ಮೇಲೆ ಕಣ್ಣಿಡೋಕೆ ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದ್ರೆ ಕೆಪಿಎಂಇ ಇದೆ. ನೋಂದಣಿ ಆಗಬೇಕು, ದರಪಟ್ಟಿ ಹಾಕಬೇಕು, ರೋಗಿಯ ಹಕ್ಕುಗಳನ್ನು ಪಾಲಿಸಬೇಕು. ತಪ್ಪಿದರೆ ದೂರು ಕೊಡಲು ಜಿಲ್ಲಾ ಮಟ್ಟದಲ್ಲಿ ಪ್ರಾಧಿಕಾರ ಇದೆ. ಆದರೆ ಆ ಕಾಯ್ದೆ ಹುಟ್ಟಿದ್ದು ಚಿಕಿತ್ಸೆಯನ್ನು ಗಮನದಲ್ಲಿ ಇಟ್ಟುಕೊಂಡು. ಅಜ್ಜಿಯೊಬ್ಬರಿಗೆ ಸ್ನಾನ ಮಾಡಿಸಿ, ಊಟ ತಿನ್ನಿಸಿ, ಡಯಾಪರ್ ಬದಲಿಸಿ, ರಾತ್ರಿ ಮಗ್ಗುಲು ತಿರುಗಿಸುವುದು ಚಿಕಿತ್ಸೆಯೋ, ವಸತಿಯೋ? 'ನಮ್ಮದು ಆಸ್ಪತ್ರೆ ಅಲ್ಲ, ಮನೆ ಥರ' ಅಂತ ನಡೆಸುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆ ಒಂದು ಮಾತಿನಲ್ಲಿ ಎಷ್ಟೋ ಹೊಣೆ ಜಾರಿಹೋಗುತ್ತದೆ.

ಹಾಗಂತ ಹಿರಿಯರಿಗೆ ಕಾನೂನೇ ಇಲ್ಲ ಅಂತಲ್ಲ. ಅದೇ 2007ರಲ್ಲಿ ಸಂಸತ್ತು ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯನ್ನು ತಂದಿತು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿ ನೇತೃತ್ವದ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ಕೊಡಿಸಬಹುದು. ನೋಡಿಕೊಳ್ತೀನಿ ಅಂತ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟಿದ್ದರೆ ಆ ದಾನಪತ್ರವನ್ನೇ ರದ್ದು ಮಾಡಿಸಬಹುದು. ಹಿರಿಯರನ್ನು ಎಲ್ಲೋ ಬಿಟ್ಟುಹೋದರೆ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ. ಒಳ್ಳೆಯ ಕಾಯ್ದೆಯೇ. ಆದರೆ ಗಮನಿಸಿ, ಅದರ ಬೆರಳು ಪೂರಾ ತೋರಿಸುವುದು ಮಗ, ಮಗಳು, ಸಂಬಂಧಿಕರ ಕಡೆಗೆ. ಅಪ್ಪನನ್ನು ತಿಂಗಳ ದುಡ್ಡು ಕಟ್ಟಿ ಒಂದು ಕಡೆ ಸೇರಿಸಿದ ಮೇಲೆ, ಅಲ್ಲಿ ಅವರನ್ನು ಯಾರು ಹೇಗೆ ನೋಡಿಕೊಂಡರು ಅನ್ನುವುದು ಆ ನ್ಯಾಯಮಂಡಳಿಯ ಕೆಲಸವಲ್ಲ.

ವೃದ್ಧಾಶ್ರಮದ ಮಾತು ಆ ಕಾಯ್ದೆಯ 19ನೇ ಕಲಮಿನಲ್ಲಿ ಬರುತ್ತದೆ. ಜಿಲ್ಲೆಗೆ ಕನಿಷ್ಠ ಒಂದರಂತೆ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಜಾಗ ಇರುವ ಆಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸ'ಬಹುದು'. 'ತಕ್ಕದ್ದು' ಅಂತ ಇಲ್ಲ, 'ಬಹುದು' ಅಂತ ಇದೆ. ಸರ್ಕಾರಿ ಭಾಷೆ ಬಲ್ಲವರಿಗೆ ಈ ಎರಡು ಪದಗಳ ನಡುವೆ ಎಷ್ಟು ದೂರ ಅಂತ ಗೊತ್ತು. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಶ್ವನಿ ಕುಮಾರ್ ಪ್ರಕರಣದಲ್ಲಿ, ಪ್ರತಿ ಜಿಲ್ಲೆಯಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಅನ್ನುವ ಮಾಹಿತಿಯನ್ನು ರಾಜ್ಯಗಳಿಂದ ಸಂಗ್ರಹಿಸಿ ಅಂತ ಕೇಂದ್ರಕ್ಕೆ ಹೇಳಬೇಕಾಯಿತು. ಕಾಯ್ದೆ ಬಂದು 11 ವರ್ಷ ಕಳೆದಿದ್ದರೂ ಎಣಿಕೆಯ ಬಗ್ಗೆಯೇ ಆದೇಶ ಮಾಡಬೇಕಾದ ಸ್ಥಿತಿ ಇತ್ತು.

ಮರುವರ್ಷ, 2019ರ ಡಿಸೆಂಬರ್‌ನಲ್ಲಿ, ಈ ಕೊರತೆ ತುಂಬುವ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಹಿರಿಯರ ಆರೈಕೆ ಕೇಂದ್ರಗಳು, ಮನೆಗೆ ಆಳು ಕಳಿಸುವ ಏಜೆನ್ಸಿಗಳು ಕಡ್ಡಾಯವಾಗಿ ನೋಂದಣಿ ಆಗಬೇಕು, ಅವುಗಳಿಗೆ ಕನಿಷ್ಠ ಗುಣಮಟ್ಟ ನಿಗದಿ ಆಗಬೇಕು, ಜೀವನಾಂಶದ 10,000 ರೂಪಾಯಿ ಮಿತಿ ಹೋಗಬೇಕು ಅನ್ನುವುದೆಲ್ಲ ಅದರಲ್ಲಿತ್ತು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು. ಪಾಸಾಗಲಿಲ್ಲ. 2024ರಲ್ಲಿ ಆ ಲೋಕಸಭೆಯ ಅವಧಿಯ ಜೊತೆಗೇ ಮಸೂದೆಯೂ ಬಿದ್ದುಹೋಯಿತು. ಯಾರೂ ಗಲಾಟೆ ಮಾಡಲಿಲ್ಲ. ಹಾಸಿಗೆ ಹಿಡಿದವರು ಧರಣಿ ಕೂರುವುದಿಲ್ಲವಲ್ಲ.

ಒಳಗೆ ನಡೆಯುವುದೇನು?

ವೃದ್ಧಾಶ್ರಮದ ಸುದ್ದಿ ನಮ್ಮಲ್ಲಿ ಎರಡೇ ಥರ ಬರುತ್ತದೆ. ಹಬ್ಬದ ದಿನ ಹಣ್ಣು ಹಂಚಿದ ಫೋಟೋ ಒಂದು. ಹಿರಿಯರನ್ನು ಹೊಡೆದ ವೈರಲ್ ವಿಡಿಯೋ ಇನ್ನೊಂದು. ಆದರೆ ಹೆಚ್ಚಿನ ಕಷ್ಟ ಇರುವುದು ಇವೆರಡರ ನಡುವೆ. ಅದಕ್ಕೆ ಕೆಟ್ಟ ಮನುಷ್ಯರು ಬೇಕಾಗಿಲ್ಲ, ಕೈಗಳು ಕಡಿಮೆ ಇದ್ದರೆ ಸಾಕು.

ಒಂದು ಸಣ್ಣ ಲೆಕ್ಕ ಹಾಕೋಣ. ತಾನಾಗಿ ಹೊರಳಲಾಗದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು ಅನ್ನುವುದು ಶುಶ್ರೂಷೆಯಲ್ಲಿ ಹಳೆಯ ರೂಢಿ. ತಿರುಗಿಸಿ, ಒದ್ದೆಯಾಗಿದೆಯಾ ನೋಡಿ, ಒರೆಸಿ, ಎರಡು ಗುಟುಕು ನೀರು ಕುಡಿಸಲು ಒಬ್ಬರಿಗೆ 10 ನಿಮಿಷ ಅಂತಿಟ್ಟುಕೊಳ್ಳಿ. ಹಾಸಿಗೆ ಹಿಡಿದವರು 12 ಜನ ಇದ್ದರೆ 120 ನಿಮಿಷ. ಅಂದ್ರೆ ಒಬ್ಬ ಆಯಾ ಕೂರದೆ, ಬಾತ್‌ರೂಮಿಗೂ ಹೋಗದೆ ಸುತ್ತಿದರೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಮುಂದಿನ ಸುತ್ತು ಶುರುವಾಗಿರುತ್ತದೆ. 20 ಜನ ಇದ್ದರೆ 200 ನಿಮಿಷ ಬೇಕು, ಇರುವುದು 120. ರಾತ್ರಿ ಪಾಳಿಯಲ್ಲಿ ಮಹಡಿಗೊಬ್ಬರೇ ಇದ್ದರೆ ಯಾರನ್ನೋ ತಿರುಗಿಸುವುದಿಲ್ಲ ಅಂತಲೇ ಅರ್ಥ. ಯಾರನ್ನು? ಕೂಗದವರನ್ನು.

ಇದರ ಫಲವೇ ಬೆನ್ನುಹುಣ್ಣು. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ತೊಡೆಯ ಪಕ್ಕ, ಹೀಗೆ ಮೂಳೆ ಚರ್ಮಕ್ಕೆ ಹತ್ತಿರ ಇರುವಲ್ಲೆಲ್ಲ ಒತ್ತಡದಿಂದ ರಕ್ತ ಓಡಾಟ ನಿಲ್ಲುತ್ತದೆ. ಮೊದಲು ಕೆಂಪಗಾಗುತ್ತದೆ, ಆಮೇಲೆ ಚರ್ಮ ಕಿತ್ತು ಬರುತ್ತದೆ, ಆಮೇಲೆ ಗುಂಡಿ ಬೀಳುತ್ತದೆ. ಏರ್ ಬೆಡ್ ಹಾಕಿದರೆ ಒತ್ತಡ ತಗ್ಗುತ್ತದೆ. ಆದರೆ 'ಏರ್ ಬೆಡ್ ಇದೆಯಲ್ಲ, ತಿರುಗಿಸೋದು ಬೇಡ' ಅಂದುಕೊಂಡರೆ ಹುಣ್ಣು ಬರುವುದು ತಪ್ಪುವುದಿಲ್ಲ. ಮನೆಯವರಿಗೆ ಇದು ಗೊತ್ತಾಗುವುದು ಎಷ್ಟೋ ಸಲ ಆಸ್ಪತ್ರೆಗೆ ಸೇರಿಸಿದಾಗ, ಅಲ್ಲಿನ ನರ್ಸ್ ಮಗ್ಗುಲು ತಿರುಗಿಸಿ 'ಇದು ಯಾವಾಗಿನಿಂದ ಇದೆ?' ಅಂತ ಕೇಳಿದಾಗ. ವಾರಕ್ಕೊಂದು ಬರುತ್ತಿದ್ದ ವಾಟ್ಸಾಪ್ ಫೋಟೋದಲ್ಲಿ ಅಮ್ಮ ಒಳ್ಳೆ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು. ಬೆನ್ನು ಯಾವ ಫೋಟೋದಲ್ಲೂ ಬರುವುದಿಲ್ಲ.

ಕೈ ಕಡಿಮೆ ಇದ್ದಾಗ ಆಗುವ ಇನ್ನೊಂದು ಕೆಲಸ ಕಟ್ಟುವುದು. ಮರೆವಿನ ಕಾಯಿಲೆ ಇರುವವರಲ್ಲಿ ಹಲವರಿಗೆ ಸಂಜೆಯಾದರೆ ತಳಮಳ ಹೆಚ್ಚು. 'ಮನೆಗೆ ಹೋಗ್ಬೇಕು' ಅಂತ ಬಾಗಿಲ ಕಡೆ ನಡೆಯುತ್ತಾರೆ, ಮಂಚದಿಂದ ಇಳಿಯಲು ಹೋಗಿ ಬೀಳುತ್ತಾರೆ. ಅದಕ್ಕೇ ದುಪಟ್ಟಾದಿಂದಲೋ ಬ್ಯಾಂಡೇಜ್ ಬಟ್ಟೆಯಿಂದಲೋ ಮಂಚಕ್ಕೆ ಕೈ ಕಟ್ಟುವುದು, ಇಲ್ಲವೇ ಮತ್ತು ಬರಿಸುವ ಮಾತ್ರೆ ಕೊಡುವುದು. 'ಬೀಳ್ತಾರೆ ಸಾರ್, ಅವರ ಒಳ್ಳೇದಕ್ಕೇ' ಅನ್ನುವ ಉತ್ತರ ಸಿಗುತ್ತದೆ. ಡಿಮೆನ್ಶಿಯಾ ಇರುವ ಹಿರಿಯರಿಗೆ ಮನೋರೋಗದ ಕೆಲವು ಮಾತ್ರೆಗಳನ್ನು ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಕಾಯಿಲೆಗಲ್ಲದೆ ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟಿಹಾಕುವುದು, ಮಾತ್ರೆಯಲ್ಲಿ ಮಂಕು ಮಾಡುವುದು ಕೂಡದು ಅಂತ ಅಲ್ಲಿ 1987ರಿಂದ ಫೆಡರಲ್ ಕಾನೂನಿದೆ. ತಪಾಸಣೆಯ ವರದಿಗಳನ್ನು ಯಾರು ಬೇಕಾದರೂ ಓದಬಹುದು. ಅಲ್ಲಿ ಎಲ್ಲ ಸರಿಯಿದೆ ಅಂತ ನಾನು ಹೇಳುತ್ತಿಲ್ಲ, ಕೋವಿಡ್ ಕಾಲದಲ್ಲಿ ಅಲ್ಲಿನ ನರ್ಸಿಂಗ್ ಹೋಂಗಳಲ್ಲಿ ಆದ ಸಾವುಗಳನ್ನು ನೋಡಿದ್ದೇವೆ. ಆದರೆ ತಪ್ಪಾದರೆ ಅದನ್ನು ತಪ್ಪು ಅಂತ ಬರೆದಿಡುವ ಪುಸ್ತಕ ಒಂದಿದೆ.

ಇಷ್ಟು ಹೇಳಿದ ಮೇಲೆ ಆಯಾಗಳನ್ನು ರಾಕ್ಷಸರನ್ನಾಗಿ ನೋಡುವುದು ಸುಲಭ. ಬೆಂಗಳೂರಿನ ಇಂಥ ಜಾಗಗಳಲ್ಲಿ ದುಡಿಯುವವರಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಮಿನಿಂದ ಬಂದ ಹುಡುಗಿಯರಿದ್ದಾರೆ, ಉತ್ತರ ಕರ್ನಾಟಕದ ಹೆಂಗಸರಿದ್ದಾರೆ. 12 ಗಂಟೆ ಪಾಳಿ, ಅಲ್ಲೇ ಮಹಡಿಯ ಕೋಣೆಯಲ್ಲಿ ವಾಸ, ತರಬೇತಿ ಅಂದ್ರೆ ಮೊದಲು ಬಂದವಳು ತೋರಿಸಿಕೊಟ್ಟದ್ದು. ಇಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ, ಅದು ಮಾತಿನದು. ಮರೆವು ಹೆಚ್ಚಿದಂತೆ ಆಮೇಲೆ ಕಲಿತ ಭಾಷೆಗಳು ಮೊದಲು ಜಾರಿ, ಎಳವೆಯ ಭಾಷೆ ಉಳಿಯುವುದು ಹಲವರಲ್ಲಿ ಕಾಣುವ ಸಂಗತಿ. ಬ್ಯಾಂಕಿನಲ್ಲಿ ನಲವತ್ತು ವರ್ಷ ಇಂಗ್ಲಿಷ್, ಹಿಂದಿ ಮಾತಾಡಿದವರಿಗೂ ಕೊನೆಗೆ ಹವ್ಯಕವೋ ತುಳುವೋ ಧಾರವಾಡದ ಕನ್ನಡವೋ ಅಷ್ಟೇ ಉಳಿಯಬಹುದು. 'ಒಂದಕ್ಕೆ ಹೋಗ್ಬೇಕು' ಅಂದದ್ದು ಹುಡುಗಿಗೆ ಅರ್ಥವಾಗುವುದಿಲ್ಲ. ಐದು ನಿಮಿಷ ಕಾದು ಹಾಸಿಗೆ ಒದ್ದೆಯಾದರೆ, ಕೇಸ್ ಶೀಟಿನಲ್ಲಿ 'ಮೂತ್ರ ನಿಯಂತ್ರಣ ಇಲ್ಲ' ಅಂತ ಬೀಳುತ್ತದೆ. ನಾಳೆಯಿಂದ ಡಯಾಪರ್. ಅದರ ಬಿಲ್ಲು ಬೇರೆ.

ಅಲ್ಲಿರುವ ಹಿರಿಯರು ಯಾಕೆ ಹೇಳಿಕೊಳ್ಳುವುದಿಲ್ಲ? ಭಾನುವಾರ ಬಂದ ಮಗಳು ಕೇಳಿದರೆ 'ಎಲ್ಲಾ ಚೆನ್ನಾಗಿದೆ ಪುಟ್ಟಾ, ನೀನು ಊಟ ಮಾಡ್ದ್ಯಾ?' ಅಂತಾರೆ. ಮಗಳು ಆರು ಗಂಟೆಗೆ ಹೊರಡುತ್ತಾಳೆ, ರಾತ್ರಿ ನೀರು ಕೊಡಬೇಕಾದವಳು ಅಲ್ಲೇ ಬಾಗಿಲಲ್ಲಿ ನಿಂತಿರುತ್ತಾಳೆ. ಯಾರ ಕೈಯಲ್ಲಿ ಊಟ ಇದೆಯೋ ಅವರ ಮೇಲೆ ದೂರು ಹೇಳುವುದು ಸುಲಭವಲ್ಲ. ಮಕ್ಕಳಿಗೆ ಹೊರೆಯಾಗಬಾರದು ಅನ್ನುವುದು ಇನ್ನೊಂದು. 'ಇಲ್ಲಿ ಸರಿಯಿಲ್ಲ' ಅಂದರೆ ಮಗಳು ಎಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನುವ ಪ್ರಶ್ನೆ ಅವರಿಗೂ ಗೊತ್ತು.

ಅದೇ ಪ್ರಶ್ನೆ ಮಕ್ಕಳ ಬಾಯನ್ನೂ ಕಟ್ಟುತ್ತದೆ. 'ಹೆತ್ತವರನ್ನ ಆಶ್ರಮಕ್ಕೆ ಹಾಕಿದ್ರು' ಅಂತ ಮದುವೆ ಮನೆಯಲ್ಲಿ ಮಾತಾಡುವ ನೆಂಟರು ಎಲ್ಲರಿಗೂ ಇದ್ದಾರೆ. ಆ ನೆಂಟರಿಗೆ ಒಂದು ಮಾತು ಹೇಳಬೇಕು: 'ಮನೆಯಲ್ಲೇ ನೋಡಿಕೊಳ್ಳಬೇಕಿತ್ತು' ಅಂದ್ರೆ ನಮ್ಮಲ್ಲಿ ಬಹಳ ಕಡೆ 'ಸೊಸೆ ಕೆಲಸ ಬಿಟ್ಟು ನೋಡಿಕೊಳ್ಳಬೇಕಿತ್ತು' ಅಂತ ಅರ್ಥ. 2011ರ ಜನಗಣತಿಯ ಹೊತ್ತಿಗೇ ರಾಜ್ಯದಲ್ಲಿ 60 ದಾಟಿದವರು ಸುಮಾರು 58 ಲಕ್ಷ ಇದ್ದರು. ಮಲೆನಾಡಿನ, ಕರಾವಳಿಯ ಎಷ್ಟೋ ಮನೆಗಳಲ್ಲಿ ಇಬ್ಬರು ಮುದುಕರು ಮತ್ತು ಒಂದು ಮೊಬೈಲ್ ಅಷ್ಟೇ ಉಳಿದಿದ್ದಾರೆ. ಅವರಲ್ಲೊಬ್ಬರು ಜಾರಿ ಬಿದ್ದು ಸೊಂಟ ಮುರಿದರೆ ಮನೆಯಲ್ಲಿ ನೋಡಿಕೊಳ್ಳುವುದು ಪ್ರೀತಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆದರೂ ನಾಚಿಕೆ ಕೆಲಸ ಮಾಡುತ್ತದೆ. ಸೇರಿಸಿದ್ದನ್ನೇ ನಾಲ್ಕು ಜನರಿಗೆ ಹೇಳದವರು ಅಲ್ಲಿ ಆದ ತಪ್ಪನ್ನು ಎಲ್ಲಿ ಹೇಳಿಯಾರು?

ಇನ್ನು ದುಡ್ಡು. ಬೆಂಗಳೂರಿನಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ತಿಂಗಳಿಗೆ 30-40 ಸಾವಿರ ಕೇಳುವುದು ಅಪರೂಪವೇನಲ್ಲ. ಡೆಪಾಸಿಟ್, ಡಯಾಪರ್, ಫಿಸಿಯೋ, ಡಾಕ್ಟರ್ ಬಂದು ಹೋದದ್ದು, ಆಂಬುಲೆನ್ಸ್ ಎಲ್ಲ ಬೇರೆ. ಇದನ್ನು ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಪಕ್ಕ ಇಟ್ಟು ನೋಡಿ. ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಆಸ್ಪತ್ರೆ ಸೇರಿದರಷ್ಟೇ. 2024ರಲ್ಲಿ ಕೇಂದ್ರ ಸರ್ಕಾರ 70 ದಾಟಿದವರಿಗೆ ಘೋಷಿಸಿದ ವರ್ಷಕ್ಕೆ 5 ಲಕ್ಷದ ಆಯುಷ್ಮಾನ್ ಸೌಲಭ್ಯವೂ ಆಸ್ಪತ್ರೆಯ ಚಿಕಿತ್ಸೆಗೇ. ಸೊಂಟದ ಆಪರೇಷನ್ನಿಗೆ ದುಡ್ಡು ಸಿಗುತ್ತದೆ, ಆಮೇಲೆ ಆರು ತಿಂಗಳು ಎತ್ತಿ ಕೂರಿಸುವ ಕೈಗೆ ಸಿಗುವುದಿಲ್ಲ.

ಹಾಗಾದರೆ ಮನೆಯವರ ಕೈಯಲ್ಲಿ ಏನಿದೆ? ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ನೀವು ವಾಸವಿರುವ ಊರಿನಲ್ಲೇ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಅದಕ್ಕೆ ರಸೀದಿ ಬೇಕು, ಒಪ್ಪಂದದ ಪ್ರತಿ ಬೇಕು, ಸೇರಿಸಿದ ದಿನ ಮೈಮೇಲೆ ಹುಣ್ಣು ಇರಲಿಲ್ಲ ಅನ್ನುವ ಡಾಕ್ಟರ ಚೀಟಿ ಬೇಕು. ಈ ಚೀಟಿಯನ್ನು ಯಾರೂ ಬರೆಸಿಟ್ಟುಕೊಳ್ಳುವುದಿಲ್ಲ. ಹಿಂಸೆ, ಬೈಗುಳದ ಅನುಮಾನ ಇದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ, ಬೆಂಗಳೂರಿನಲ್ಲಿ 1090 ಇದೆ.

ಸೇರಿಸುವ ಮುಂಚೆ ಜಾಗ ನೋಡಲು ಹೋಗುವವರು ಸಾಮಾನ್ಯವಾಗಿ ಹಗಲು ಹೋಗುತ್ತಾರೆ. ಟೈಲ್ಸು, ಟಿವಿ, ಗಾರ್ಡನ್ ನೋಡಿ ಬರುತ್ತಾರೆ. ಹೋಗಬೇಕಾದದ್ದು ಸಂಜೆ ಏಳರ ಮೇಲೆ. ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಹಾಸಿಗೆ ಹಿಡಿದವರು ಎಷ್ಟು, ಇವರಲ್ಲಿ ಕನ್ನಡ ಬರುವವರು ಯಾರು ಅಂತ ಕೇಳಿ. ಹೇಳದೆ ಬಂದರೆ ಒಳಗೆ ಬಿಡ್ತೀರಾ ಅಂತಲೂ ಕೇಳಿ. ಭೇಟಿಗೆ ಬರೀ ಭಾನುವಾರ ನಾಲ್ಕರಿಂದ ಆರು ಅನ್ನುವ ಜಾಗದಲ್ಲಿ ಉಳಿದ ಹೊತ್ತು ಏನು ನಡೆಯುತ್ತದೆ ಅಂತ ತಿಳಿಯುವ ದಾರಿ ನಿಮಗಿಲ್ಲ, ಸರ್ಕಾರಕ್ಕೂ ಇಲ್ಲ.

ಕಡೆಯದಾಗಿ ಅರ್ಜಿ ನಮೂನೆ ಓದಿ. 'ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರಿಗೆ ಮಾತ್ರ' ಅನ್ನುವ ಸಾಲು ಹಲವು ಆಶ್ರಮಗಳ ನಿಯಮದಲ್ಲಿ ಇರುತ್ತದೆ. ನಡೆದಾಡಿಕೊಂಡು ಸೇರಿದ ಅಪ್ಪ ಮೂರು ವರ್ಷದ ಮೇಲೆ ಹಾಸಿಗೆ ಹಿಡಿದರೆ, ಒಂದು ವಾರದಲ್ಲಿ ಕರೆದುಕೊಂಡು ಹೋಗಿ ಅಂತ ಫೋನ್ ಬರುವುದು ಆ ಸಾಲಿನ ಬಲದ ಮೇಲೆ. ಅಂಥ ಹೊತ್ತಿನಲ್ಲಿ ಇಟ್ಟುಕೊಳ್ತೀರಾ, ಎಷ್ಟು ದಿನ, ಎಷ್ಟು ದುಡ್ಡಿಗೆ ಅಂತ ಸೇರಿಸುವ ದಿನವೇ ಬರೆಸಿಕೊಳ್ಳಿ. 'ಅದೆಲ್ಲ ನೋಡ್ಕೊಳ್ತೀವಿ ಬಿಡಿ ಸಾರ್' ಅಂತ ಬಾಯಲ್ಲಿ ಹೇಳಿದರೆ, ಅದನ್ನೇ ಲೆಟರ್‌ಹೆಡ್ಡಿನಲ್ಲಿ ಕೊಡಿ ಅಂತ ಕೇಳಿ.