ಚಂದ್ರನ ತಾರೀಕು, ಅಘನಾಶಿನಿಯ ಮೀನು

ಫೆಬ್ರವರಿಯ ಒಂದು ಶನಿವಾರ ಕಾಲೇಜು ಬಿಟ್ಟು ಬರುವಾಗ ಹುದಿಕೇರಿ ಪೇಟೆಯಲ್ಲಿ ಮೀನಿನ ಗಾಡಿ ನಿಂತಿತ್ತು. ಅಮ್ಮಿ ಹೇಳಿದ್ದ ಬಂಗುಡೆಯನ್ನು ನಾನು ತೂಗಿಸಿಕೊಳ್ಳುತ್ತಿದ್ದೆ. ಜೊತೆಗಿದ್ದ ಗೆಳೆಯ ಏಡಿ, ಚಿಪ್ಪಿಕಲ್ಲು ಇದೆಯಾ ಎಂದು ಕೇಳಿದ. "ಈಗ ಸಿಗಲ್ಲ ಮೋನೇ, ಹುಣ್ಣಿಮೆ ಕಳೀಲಿ, ಆಮೇಲೆ ಕೇಳು" ಎಂದರು ಗಾಡಿಯ ಕಾಕಾ.

ನಮ್ಮ ಅರ್ಥಶಾಸ್ತ್ರ ಪುಸ್ತಕದಲ್ಲಿ ಬೇಡಿಕೆ ಇದೆ, ಪೂರೈಕೆ ಇದೆ, ಬೆಲೆ ಇದೆ. ಹುಣ್ಣಿಮೆ ಎಲ್ಲೂ ಇಲ್ಲ. ಮನೆಗೆ ಬಂದು ನಾನಿಗೆ ಇದನ್ನು ಹೇಳಿದಾಗ ಅವರು ಗೋಡೆಯ ಉರ್ದು ಕ್ಯಾಲೆಂಡರ್ ನೋಡಿ, "ಇವತ್ತು ಶಾಬಾನ್ ಒಂಬತ್ತು. ಹಾಗಾದರೆ ನಿನ್ನ ಗೆಳೆಯನಿಗೆ ಏಡಿ ಬೇಕಿದ್ದರೆ ಶಬೇ ಬರಾತ್ ಆಗಬೇಕು" ಎಂದು ನಕ್ಕರು. ಕಾಕಾ ಹೇಳಿದ್ದೂ ನಾನಿ ಹೇಳಿದ್ದೂ ಒಂದೇ ಮಾತು ಎಂದು ನನಗೆ ಗೊತ್ತಾಗಿದ್ದು ಆಮೇಲೆ, ಈ ವಿಷಯವನ್ನು ಓದಲು ಕೂತಾಗ. ಓದಿದ್ದನ್ನು ಇಲ್ಲಿ ಬರೆದಿದ್ದೇನೆ.

ನದಿ ಸಮುದ್ರ ಸೇರುವ ಜಾಗ

ಹುದಿಕೇರಿಯ ಸುತ್ತ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥ ಪೂರ್ವಕ್ಕೆ ಹೋಗಿ ಕಾವೇರಿಯನ್ನು ಸೇರಿ ಬಂಗಾಳಕೊಲ್ಲಿಯ ಕಡೆ ಹೋಗುತ್ತದೆ. ಬ್ರಹ್ಮಗಿರಿಯ ಇನ್ನೊಂದು ಮಗ್ಗುಲಿನ ಬರಪೊಳೆ ಪಶ್ಚಿಮಕ್ಕೆ ಇಳಿದು, ಕೇರಳದಲ್ಲಿ ವಳಪಟ್ಟಣಂ ಹೊಳೆಯಾಗಿ, ಕಣ್ಣೂರಿನ ಅಳೀಕ್ಕಲ್‌ನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಹೀಗೆ ಹೊಳೆಯ ಸಿಹಿನೀರು ಮತ್ತು ಸಮುದ್ರದ ಉಪ್ಪುನೀರು ಬೆರೆಯುವ ಅಗಲವಾದ ಜಾಗಕ್ಕೆ ಕರಾವಳಿಯಲ್ಲಿ ಅಳಿವೆ ಎನ್ನುತ್ತಾರೆ. ಅಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ.

ನಮ್ಮ ರಾಜ್ಯದಲ್ಲಿ ಅಳಿವೆಯ ಮೀನುಗಾರಿಕೆಯನ್ನು ಅರ್ಥ ಮಾಡಿಕೊಳ್ಳಲು ಉತ್ತರ ಕನ್ನಡದ ಅಘನಾಶಿನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸಿರ್ಸಿ ತಾಲ್ಲೂಕಿನಲ್ಲಿ ಹುಟ್ಟುವ ಈ ನದಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ. ಒಂದು ದಡದಲ್ಲಿ ಅಘನಾಶಿನಿ ಎಂಬ ಊರು, ಎದುರು ದಡದಲ್ಲಿ ತದಡಿ. ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. 4,801 ಹೆಕ್ಟೇರ್‌ನ ಈ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣವೆಂಬ ಮಾನ್ಯತೆ ಸಿಕ್ಕಿತು. ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ ಅದು ಸೇರಿತು.

ಮೊದಲನೆಯದು ಉಪ್ಪು

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಅಘನಾಶಿನಿ ಕೆಂಪಾಗಿ ಉಕ್ಕಿ ಬರುವಾಗ ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿಯೇ ಆಗಿಬಿಡುತ್ತದೆ. ಮಳೆ ನಿಂತು ಹೊಳೆ ಸೊರಗಿದಂತೆ ಸಮುದ್ರದ ನೀರು ಪ್ರತಿ ಉಬ್ಬರದಲ್ಲೂ ಇನ್ನಷ್ಟು ಒಳಕ್ಕೆ ಬರುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಅಳಿವೆಯ ಬಾಯಿಯ ಹತ್ತಿರ ನೀರು ಸಮುದ್ರದಷ್ಟೇ ಉಪ್ಪಾಗುತ್ತಾ ಬರುತ್ತದೆ. ಅದೇ ಅಳಿವೆಯ ದಡದ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುವ ಕೆಲಸ ನಡೆಯುವುದೂ ಈ ಒಣ ತಿಂಗಳುಗಳಲ್ಲೇ. ನಾವು ಇಲ್ಲಿ ಕಾಫಿಗೆ ಹೂಮಳೆ ಬರಲಿ ಎಂದು ಮೋಡ ನೋಡುವ ಹೊತ್ತಿನಲ್ಲಿ ಉಪ್ಪಿನ ಆಗರದವರು ಮೋಡ ಬಾರದಿರಲಿ ಎನ್ನುತ್ತಾರೆ.

ಈ ಉಪ್ಪು ಮೀನಿಗೂ ಲೆಕ್ಕಕ್ಕೆ ಬರುತ್ತದೆ. ಉಪ್ಪು ಬಯಸುವ ಜೀವಿಗಳು ಈ ಕಾಲದಲ್ಲಿ ಅಳಿವೆಯ ಒಳಗಿನವರೆಗೂ ಬರುತ್ತವೆ. ಮಳೆ ನಿಂತ ಮೇಲೆ ಮರಳಿನಲ್ಲಿ ನೆಲೆ ನಿಂತ ಚಿಪ್ಪಿಕಲ್ಲಿನ ಮರಿಗಳು ಬೇಸಿಗೆ ಹೊತ್ತಿಗೆ ಹಿಡಿಯುವ ಗಾತ್ರಕ್ಕೆ ಬರುತ್ತವೆ. ಈ ಚಿಪ್ಪಿಕಲ್ಲಿಗೆ ಅಲ್ಲಿಯ ಜನ ಬೆಳಚು ಎನ್ನುತ್ತಾರೆ. ದಡದಲ್ಲಿ ಗಜನಿ ಎಂಬ ಗದ್ದೆಗಳಿವೆ. ಮಳೆಗಾಲದಲ್ಲಿ ಅಲ್ಲಿ ಉಪ್ಪನ್ನು ತಡೆದುಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆಗೆದು ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಸಿಗಡಿ ಮತ್ತು ಮೀನಿನ ಮರಿಗಳೂ ಒಳಗೆ ಬರುತ್ತವೆ, ಗದ್ದೆಯ ಕೊಳೆತ ಹುಲ್ಲಿನ ನಡುವೆ ಮೇದು ಬೆಳೆಯುತ್ತವೆ. ಇಳಿತದಲ್ಲಿ ನೀರು ಹೊರಗೆ ಹರಿಯುವಾಗ ಬಾಗಿಲಿಗೆ ಬಲೆ ಕಟ್ಟಿ ಹಿಡಿಯುತ್ತಾರೆ. ಒಂದೇ ನೆಲ ಅರ್ಧ ವರ್ಷ ಅಕ್ಕಿ ಕೊಡುತ್ತದೆ, ಅರ್ಧ ವರ್ಷ ಮೀನು ಕೊಡುತ್ತದೆ.

ಉಪ್ಪು ಬಾರದೆ ಹೋದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಅಘನಾಶಿನಿಯ ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿಯ ಅಳಿವೆ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಮಳೆಗಾಲದ ನೀರು ಮೇಲೆ ನಿಂತು, ವಿದ್ಯುತ್ತಿಗಾಗಿ ವರ್ಷವಿಡೀ ಕೆಳಗೆ ಬರುತ್ತದೆ. ಬೇಸಿಗೆಯಲ್ಲೂ ಸಿಹಿನೀರು ಹರಿಯುವುದರಿಂದ ಅಲ್ಲಿ ಉಪ್ಪು ಕಡಿಮೆ. ಉಪ್ಪು ಬೇಕಾದ ಚಿಪ್ಪುಗಳು ಶರಾವತಿಯಲ್ಲಿ ಕುಗ್ಗಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ನೀರು ಹೆಚ್ಚಿದರೆ ಮೀನು ಹೆಚ್ಚು ಎಂದು ನಾನು ತಿಳಿದಿದ್ದೆ. ಯಾವ ನೀರು, ಯಾವ ತಿಂಗಳು ಎನ್ನುವುದೇ ಮುಖ್ಯ ಎಂದು ಈಗ ಗೊತ್ತಾಯಿತು.

ಎರಡನೆಯದು ಚಂದ್ರ

ಸಮುದ್ರದ ನೀರನ್ನು ಚಂದ್ರನೂ ಸೂರ್ಯನೂ ಸೆಳೆಯುತ್ತಾರೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಯಲ್ಲಿರುವುದರಿಂದ ಎರಡು ಸೆಳೆತವೂ ಕೂಡುತ್ತದೆ. ಆಗ ಉಬ್ಬರ ದೊಡ್ಡದು, ಇಳಿತವೂ ದೊಡ್ಡದು. ಅರ್ಧಚಂದ್ರನ ದಿನಗಳಲ್ಲಿ ಒಂದು ಸೆಳೆತ ಇನ್ನೊಂದಕ್ಕೆ ಅಡ್ಡವಾಗುತ್ತದೆ, ನೀರು ಹೆಚ್ಚು ಏರುವುದೂ ಇಲ್ಲ, ಹೆಚ್ಚು ಇಳಿಯುವುದೂ ಇಲ್ಲ. ಇದರ ಪರಿಣಾಮ ಕಾಣುವುದು ಒಂದೆರಡು ದಿನ ತಡವಾಗಿ.

ಹಿಜರಿ ತಿಂಗಳು ಶುರುವಾಗುವುದು ಹೊಸ ಚಂದ್ರ ಕಂಡ ಮೇಲೆ. ಆದ್ದರಿಂದ ನಮ್ಮ ಮನೆಗಳ ಕ್ಯಾಲೆಂಡರಿನಲ್ಲೇ ಅಳಿವೆಯ ಲೆಕ್ಕ ಇದೆ. ತಿಂಗಳ ಸುಮಾರು 1ರಿಂದ 3 ಮತ್ತು 15ರಿಂದ 17ನೇ ತಾರೀಕು ದೊಡ್ಡ ಇಳಿತದ ದಿನಗಳು. ಸುಮಾರು 8ರಿಂದ 10 ಮತ್ತು 22ರಿಂದ 24 ಸಣ್ಣ ಇಳಿತದ ದಿನಗಳು. ಅಯ್ಯಾಮೆ ಬೀಜ್ ಎಂದು ಹಲವರು ಉಪವಾಸ ಇಡುವ 13, 14, 15ರಂದು ಇಳಿತ ದಿನದಿಂದ ದಿನಕ್ಕೆ ದೊಡ್ಡದಾಗುತ್ತಾ ಹೋಗುತ್ತದೆ. ನಾವು ಗಾಡಿಯ ಹತ್ತಿರ ನಿಂತಿದ್ದು ಒಂಬತ್ತನೇ ತಾರೀಕು. ಕಾಕಾ ತರುವ ಏಡಿ ಅಘನಾಶಿನಿಯದಲ್ಲ, ಕಣ್ಣೂರು ಅಥವಾ ಮಂಗಳೂರಿನ ಕಡೆಯದು. ಆದರೆ ಪಶ್ಚಿಮ ಕರಾವಳಿಗೆಲ್ಲ ಚಂದ್ರ ಒಬ್ಬನೇ.

ದೊಡ್ಡ ಇಳಿತ ಯಾಕೆ ಬೇಕು? ಬೆಳಚು ಹೆಕ್ಕುವವರು ಇಳಿತದಲ್ಲಿ ತೆರೆದುಕೊಳ್ಳುವ ಮರಳುದಿಬ್ಬದ ಮೇಲೆ, ಅಥವಾ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ತಡವಿ, ಕೈಯಿಂದ ಹೆಕ್ಕುತ್ತಾರೆ. ನೀರು ಹೆಚ್ಚು ಇಳಿದಷ್ಟು ಹೆಚ್ಚು ನೆಲ ಕೈಗೆ ಸಿಗುತ್ತದೆ. ಗಜನಿಯ ಬಾಗಿಲಲ್ಲಿ ಬಲೆ ಕಟ್ಟುವವರಿಗೂ ಸೆಳೆತ ಜೋರಾಗಿದ್ದರೆ ಬಲೆ ತುಂಬುತ್ತದೆ. ಮಾರ್ಚ್ 21ರ ಆಸುಪಾಸು ಹಗಲು ರಾತ್ರಿ ಸಮವಾಗುವ ಕಾಲದಲ್ಲಿ ಬರುವ ಅಮಾವಾಸ್ಯೆ, ಹುಣ್ಣಿಮೆಗಳ ಉಬ್ಬರ ಇಳಿತ ಸಾಮಾನ್ಯವಾಗಿ ಇನ್ನೂ ದೊಡ್ಡದು. ಉಪ್ಪೂ ಸಾಕಷ್ಟು, ಇಳಿತವೂ ದೊಡ್ಡದು. ಹಾಗಾಗಿ ಅಳಿವೆಗೆ ಇದು ಒಳ್ಳೆಯ ಕಾಲ.

ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಆರಕ್ಕೆ ಇದ್ದರೆ ನಾಳೆ ಏಳರ ಹತ್ತಿರ. ಹೆಕ್ಕಲು ಹೋಗುವ ಹೆಂಗಸರು ಅಡುಗೆ, ಮಕ್ಕಳ ಶಾಲೆ ಎಲ್ಲವನ್ನೂ ಆ ಹೊತ್ತಿಗೆ ಹೊಂದಿಸಿಕೊಳ್ಳಬೇಕು. ನಮ್ಮ ಕಾಲೇಜಿನ ಬೆಲ್ ಹಾಗೆ ದಿನಾ ಬದಲಾದರೆ ನಾವು ಎಷ್ಟು ದಿನ ತಡೆದುಕೊಳ್ಳುತ್ತಿದ್ದೆವು?

ಒಂದು ವಿಷಯ ಮರೆಯಬಾರದು. ಹಿಜರಿ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಈಗ ಫೆಬ್ರವರಿ, ಮಾರ್ಚ್‌ನಲ್ಲಿ ಬರುವ ರಂಜಾನ್ ಮುಂದೆ ಮಳೆಗಾಲದಲ್ಲೂ ಬರುತ್ತದೆ. ಆಗಲೂ ಹೊಸ ಚಂದ್ರನ ದಿನ ಇಳಿತ ದೊಡ್ಡದೇ ಇರುತ್ತದೆ, ಆದರೆ ನೀರಿನಲ್ಲಿ ಉಪ್ಪು ಇರುವುದಿಲ್ಲ. ಇಳಿತ ಚಂದ್ರನ ಲೆಕ್ಕ, ಉಪ್ಪು ಸೂರ್ಯನ ಲೆಕ್ಕ. ಅಳಿವೆಯಲ್ಲಿ ಬದುಕುವವರಿಗೆ ಎರಡು ಕ್ಯಾಲೆಂಡರ್ ಬೇಕು.

ಲೆಕ್ಕ ಹಾಕಿ ನೋಡಿದರೆ

ನಾನು ವಾಣಿಜ್ಯ ವಿಭಾಗದವನಾದ್ದರಿಂದ ಒಂದು ಲೆಕ್ಕ ಹಾಕಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಘನಾಶಿನಿಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪು ಹೆಕ್ಕುತ್ತಿದ್ದರು. ಅದರ ಬೆಲೆ ಸುಮಾರು ₹5.78 ಕೋಟಿ. ನೇರವಾಗಿ ಈ ಕೆಲಸದಲ್ಲಿದ್ದವರು ಸುಮಾರು 2,300 ಜನ, ಅವರಲ್ಲಿ ನೂರಾರು ಮಹಿಳೆಯರು. ಭಾಗಿಸಿದರೆ ಕೆ.ಜಿ.ಗೆ ₹2.60ರ ಆಸುಪಾಸು, ಒಬ್ಬರಿಗೆ ವರ್ಷಕ್ಕೆ ಸುಮಾರು ₹25,000 ಬರುತ್ತದೆ. ಆಗಿನ ಬೆಲೆಯಲ್ಲೂ ಇದು ದೊಡ್ಡ ಮೊತ್ತವಲ್ಲ. ಆದರೆ ಈ ಕಸುಬಿಗೆ ಜಮೀನು ಬೇಡ, ಯಂತ್ರದ ಬೋಟು ಬೇಡ, ಸಾಲವೂ ಬೇಡ. ಬುಟ್ಟಿ ಮತ್ತು ಸಣ್ಣ ದೋಣಿ ಸಾಕು. ಏನೂ ಇಲ್ಲದವರಿಗೂ ಬಾಗಿಲು ತೆರೆದಿರುವ ಕಸುಬು ಇದು.

ಹಾಗೆ ತೆರೆದಿರುವುದರಲ್ಲೇ ಅಪಾಯವೂ ಇದೆ. ಯಾರೂ ಒಡೆಯರಿಲ್ಲದ ಕಡೆ, ನಾನು ಬಿಟ್ಟರೆ ಇನ್ನೊಬ್ಬ ಹೆಕ್ಕುತ್ತಾನೆ ಎಂದು ಎಲ್ಲರೂ ಮರಿ ಚಿಪ್ಪನ್ನೂ ಹೆಕ್ಕತೊಡಗಿದರೆ ಅದು ಬಡ್ಡಿ ತಿನ್ನುವುದಲ್ಲ, ಅಸಲನ್ನೇ ತಿನ್ನುವುದು. ಇದಕ್ಕೆ ದಾರಿ ಇಲ್ಲದಿಲ್ಲ. ಕೊಲ್ಲಂನ ಅಷ್ಟಮುಡಿ ಹಿನ್ನೀರಿನಲ್ಲಿ ಚಿಪ್ಪು ಕಡಿಮೆಯಾದಾಗ ಮೀನುಗಾರರು ಮರಿ ಇಡುವ ತಿಂಗಳುಗಳಲ್ಲಿ ಹೆಕ್ಕುವುದನ್ನು ನಿಲ್ಲಿಸಲು ಒಪ್ಪಿದರು, ಸಣ್ಣವು ಜಾರಿಹೋಗುವಷ್ಟು ದೊಡ್ಡ ಕಣ್ಣಿನ ಬಲೆ ಬಳಸಿದರು. 2014ರಲ್ಲಿ ಆ ಮೀನುಗಾರಿಕೆಗೆ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು. ಭಾರತದಲ್ಲಿ ಅಂಥ ಪ್ರಮಾಣಪತ್ರ ಪಡೆದ ಮೊದಲನೆಯದು ಅದೇ.

ಇನ್ನೊಂದು ಅಪಾಯ ಮೀನುಗಾರರ ಕೈಯಲ್ಲಿಲ್ಲ. ಅಘನಾಶಿನಿಯ ನೀರನ್ನು ಪೂರ್ವದ ಒಣ ಜಿಲ್ಲೆಗಳ ಕಡೆ ತಿರುಗಿಸುವ ಯೋಜನೆಯ ಮಾತು ನಡೆಯುತ್ತಿದೆ. ಆ ಜಿಲ್ಲೆಗಳಿಗೆ ಕುಡಿಯುವ ನೀರು ಬೇಕು ಎನ್ನುವುದೂ ಸುಳ್ಳಲ್ಲ. ಆದರೆ ಸಮುದ್ರಕ್ಕೆ ಹೋಗುವ ನೀರು ವ್ಯರ್ಥ ಎನ್ನುವ ಮಾತನ್ನು ಒಪ್ಪುವ ಮೊದಲು, ಆ ನೀರಿನ ಮೇಲೆ ಗಜನಿಯ ಭತ್ತ, ಸಿಗಡಿ, ಬೆಳಚು ನಿಂತಿವೆ ಎಂಬುದನ್ನೂ ಖರ್ಚಿನ ಪಟ್ಟಿಯಲ್ಲಿ ಬರೆಯಬೇಕು. ಶರಾವತಿಯಲ್ಲಿ ಆ ಪಟ್ಟಿಯನ್ನು ಯೋಜನೆ ಮುಗಿದ ಮೇಲೆ ಬರೆದರು.

ಶಬೇ ಬರಾತ್ ಕಳೆದ ಮೇಲೆ ಕಾಕಾ ಏಡಿಯನ್ನೂ ಚಿಪ್ಪಿಕಲ್ಲನ್ನೂ ತಂದರು. ನಮ್ಮದು ಹನಫಿ ಮನೆ, ನಾವು ಇವೆರಡನ್ನೂ ತಿನ್ನುವುದಿಲ್ಲ. ಶಾಫಿ ಮನೆಯ ನನ್ನ ಗೆಳೆಯ ಎರಡನ್ನೂ ಕೊಂಡ. ಕೊಳ್ಳುವ ಮೊದಲು ಚಿಪ್ಪುಗಳನ್ನು ಕೈಯಲ್ಲಿ ಆಡಿಸಿ, ತೀರಾ ಸಣ್ಣವು ಬೇಡ ಎಂದು ಬದಿಗಿಟ್ಟ. ನಾವೆಲ್ಲರೂ ಹಾಗೆ ಕೇಳತೊಡಗಿದರೆ ಆ ಮಾತು ಗಾಡಿಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಅಳಿವೆಗೆ ಹೋಗುತ್ತದೆ. ಬೇಡಿಕೆ ಪೂರೈಕೆಯನ್ನು ಬದಲಾಯಿಸುತ್ತದೆ ಎಂದು ನಮ್ಮ ಪುಸ್ತಕದಲ್ಲೂ ಇದೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ