ಪೆಗಸಸ್ ಮಂಡಲದ 51ನೆಯ ನಕ್ಷತ್ರವೂ ಅದರ ಗ್ರಹವೂ

ಆಕಾಶದಲ್ಲಿ ಮಿನುಗುವ ನಕ್ಷತ್ರಗಳು ಬಹು ದೂರದಲ್ಲಿರುವ ಸೂರ್ಯರೇ ಎಂಬುದನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಹಾಗಾದರೆ ಆ ಸೂರ್ಯರಿಗೂ ಗ್ರಹಗಳುಂಟೋ? ನಮ್ಮ ಸೂರ್ಯನನ್ನು ಹೋಲುವ ನಕ್ಷತ್ರವೊಂದಕ್ಕೆ ಗ್ರಹವುಂಟೆಂಬ ನಿಶ್ಚಯವಾದ ಉತ್ತರವು ಮೊದಲು ದೊರೆತದ್ದು 1995ನೆಯ ಇಸವಿಯಲ್ಲಿ.

ನವೆಂಬರ್ ತಿಂಗಳ ಸಂಜೆ ನೆತ್ತಿಯ ಸಮೀಪದಲ್ಲಿ ನಾಲ್ಕು ನಕ್ಷತ್ರಗಳ ಒಂದು ದೊಡ್ಡ ಚೌಕವು ಕಾಣುವುದು. ಅದರ ಪಶ್ಚಿಮದ ಎರಡನ್ನು ಪೂರ್ವಾಭಾದ್ರಾ ಎಂದೂ ಪೂರ್ವದ ಎರಡನ್ನು ಉತ್ತರಾಭಾದ್ರಾ ಎಂದೂ ನಮ್ಮ ಹಿರಿಯರು ಕರೆದರು. ಪೂರ್ವಾಭಾದ್ರೆಯ ಎರಡು ನಕ್ಷತ್ರಗಳ ನಡುವೆ, ತುಸು ಪಶ್ಚಿಮಕ್ಕೆ, ಒಂದು ಮಂಕಾದ ಚುಕ್ಕೆಯುಂಟು. ದೀಪಗಳಿಲ್ಲದ ಹಳ್ಳಿಯಲ್ಲಿ, ಚಂದ್ರನಿಲ್ಲದ ರಾತ್ರಿಯಲ್ಲಿ, ಸೂಕ್ಷ್ಮದೃಷ್ಟಿಯವರಿಗೆ ಅದು ಬರಿಗಣ್ಣಿಗೇ ಗೋಚರಿಸುವುದು. ಇದೇ ಪೆಗಸಸ್ ಮಂಡಲದ 51ನೆಯ ನಕ್ಷತ್ರ. ಇದರ ಬೆಳಕು ನಮ್ಮನ್ನು ಮುಟ್ಟಲು ಸುಮಾರು 50 ವರುಷಗಳು ಬೇಕು.

ಇದರ ಗ್ರಹವನ್ನು ದೂರದರ್ಶಕದಲ್ಲಿ ಕಣ್ಣಾರೆ ಕಂಡವರಿಲ್ಲ. ಮಗುವಿನ ಕೈಗಳನ್ನು ಹಿಡಿದು ಸುತ್ತಿಸುವ ತಾಯಿಯು ತಾನೂ ಸ್ವಲ್ಪ ತೂಗಾಡುವಳಲ್ಲವೇ? ಅದರಂತೆ ಗ್ರಹದ ಸೆಳೆತದಿಂದ ನಕ್ಷತ್ರವೂ ಅತ್ತಿತ್ತ ತೂಗುವುದು. ಅದು ನಮ್ಮ ಕಡೆಗೆ ಬರುವಾಗ ಅದರ ವರ್ಣಪಟಲದ ಗೆರೆಗಳು ನೇರಿಳೆಯ ಕಡೆಗೂ, ದೂರ ಸರಿಯುವಾಗ ಕೆಂಪಿನ ಕಡೆಗೂ ಅತ್ಯಲ್ಪವಾಗಿ ಜರುಗುವುವು. ಸ್ವಿಟ್ಜರ್ಲೆಂಡ್ ದೇಶದ ಜಿನೀವಾ ವಿಶ್ವವಿದ್ಯಾನಿಲಯದ ಮಿಶೆಲ್ ಮೇಯರ್ ಮತ್ತು ಅವರ ಶಿಷ್ಯ ಡಿಡಿಯೇ ಕೆಲೋ ಎಂಬವರು ದಕ್ಷಿಣ ಫ್ರಾನ್ಸಿನ ಓತ್-ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಈ ಜರುಗುವಿಕೆಯನ್ನು ಅಳೆದರು. ನಕ್ಷತ್ರದ ವೇಗವು ಸೆಕೆಂಡಿಗೆ ಸುಮಾರು 56 ಮೀಟರಿನಷ್ಟು ಏರುತ್ತಲೂ ಇಳಿಯುತ್ತಲೂ ಇತ್ತು. ಒಂದು ಆವೃತ್ತಿಗೆ ನಾಲ್ಕು ದಿವಸ ಐದೂವರೆ ತಾಸು ಮಾತ್ರ!

ಇದು ನಂಬಲು ಕಷ್ಟವಾದ ಸಂಗತಿ. ನಮ್ಮ ಗುರುಗ್ರಹವು ಸೂರ್ಯನನ್ನು ಸುತ್ತಲು ಸುಮಾರು 12 ವರುಷಗಳನ್ನು ತೆಗೆದುಕೊಳ್ಳುವುದು. ಈ ಗ್ರಹವಾದರೋ, ತೂಕದಲ್ಲಿ ಗುರುವಿನ ಸುಮಾರು ಅರ್ಧದಷ್ಟಿದ್ದರೂ, ತನ್ನ ಸೂರ್ಯನಿಂದ ಸುಮಾರು 80 ಲಕ್ಷ ಕಿಲೋಮೀಟರಿನಲ್ಲಿಯೇ ಇರುವುದು. ನಮ್ಮ ಬುಧನೂ ಸರಾಸರಿ 5 ಕೋಟಿ 80 ಲಕ್ಷ ಕಿಲೋಮೀಟರ್ ದೂರದಲ್ಲಿರುವನು. ಅಂಥ ಬೇಗೆಯ ಸ್ಥಳದಲ್ಲಿ ದೊಡ್ಡ ಗ್ರಹವು ಇರಲಾರದೆಂದು ವಿದ್ವಾಂಸರಲ್ಲಿ ಹೆಚ್ಚಿನವರು ಎಣಿಸಿದ್ದರು. 1952ರಲ್ಲಿಯೇ ಆಟೋ ಸ್ಟ್ರೂವ್ ಎಂಬವರು, ಇಂಥ ಗ್ರಹಗಳಿರಬಹುದು, ಹುಡುಕಿರಿ ಎಂದು ಬರೆದಿದ್ದರೂ ಕಿವಿಗೊಟ್ಟವರು ವಿರಳ.

ಕೆಲೋ ಅವರು ಮೊದಲು ತಮ್ಮ ಯಂತ್ರವನ್ನೇ ಸಂಶಯಿಸಿದರು. ಆದರೆ ಒಪ್ಪದ ಅಂಕಿಗಳನ್ನು ಅಳಿಸಿಬಿಡಲಿಲ್ಲ. ನಕ್ಷತ್ರವು ಸೂರ್ಯನ ಮರೆಗೆ ಸರಿದುದರಿಂದ ತಿಂಗಳುಗಟ್ಟಲೆ ಕಾದು, 1995ರ ಜುಲೈಯಲ್ಲಿ ಪುನಃ ಅಳೆದರು, ಲೆಕ್ಕವು ಸರಿಯಾಯಿತು. ಅಕ್ಟೋಬರಿನಲ್ಲಿ ಇದನ್ನು ಪ್ರಕಟಿಸಿದ ಕೆಲವೇ ದಿನಗಳಲ್ಲಿ ಅಮೇರಿಕದ ಲಿಕ್ ವೀಕ್ಷಣಾಲಯದವರು ದೃಢಪಡಿಸಿದರು. ಬಳಿಕ ಅವರು ತಾವು ಮೊದಲೇ ಕೂಡಿಸಿಟ್ಟಿದ್ದ ಅಳತೆಗಳನ್ನು ಶೋಧಿಸಲು, ಅವುಗಳಲ್ಲಿಯೂ ಗ್ರಹಗಳು ದೊರೆತವು! ಮೇಯರ್ ಮತ್ತು ಕೆಲೋ 2019ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಇಂದು ಅನ್ಯಸೂರ್ಯರ ಗ್ರಹಗಳ ಸಂಖ್ಯೆಯು ಐದು ಸಾವಿರವನ್ನು ಮೀರಿದೆ.

ಪ್ರಿಯ ವಿದ್ಯಾರ್ಥಿನಿಯರೇ, ಪ್ರಯೋಗಶಾಲೆಯಲ್ಲಿ ನಿಮ್ಮ ಅಳತೆಯು ಪುಸ್ತಕದ ಅಂಕಿಗೆ ಹೊಂದದಿದ್ದಾಗ ರಬ್ಬರಿಗೆ ಕೈಯಿಕ್ಕಬೇಡಿರಿ. ಕಂಡದ್ದನ್ನು ಕಂಡಂತೆಯೇ ಬರೆಯಿರಿ. ಬಳಿಕ ತಾಳ್ಮೆಯಿಂದ ಮತ್ತೊಮ್ಮೆ ಅಳೆಯಿರಿ. ನಾಲ್ಕು ದಿನಗಳ ವರುಷವುಳ್ಳ ಲೋಕವನ್ನೂ ಉಂಟುಮಾಡಿದ ದೇವರ ಕೈಕೆಲಸವು ನಮ್ಮ ಪಠ್ಯಪುಸ್ತಕಕ್ಕಿಂತ ದೊಡ್ಡದು.